ಬೇಜಾರಿಗೆ ಎಷ್ಟು ಮಾರ್ಕು?

ಸಂಪಾದಕರಿಗೆ ನಮಸ್ಕಾರ,

ಅಮೆರಿಕದಲ್ಲಿರೋ ಕನ್ನಡಿಗರ ಸಾಧನೆ ಬಗ್ಗೆ ನಿಮ್ಮ ಪೇಪರಲ್ಲಿ ಆಗಾಗ ಓದ್ತಿರ್ತೀನಿ, ಖುಷಿನೇ. ಆದ್ರೆ ಇಲ್ಲಿನ ಮನೆ ಒಳಗಿನ ಒಂದು ವಿಷಯ ಯಾರೂ ಬರೆಯಲ್ಲ, ಅದಕ್ಕೇ ಈ ಪತ್ರ.

ಮಾವ ತೀರಿಕೊಂಡ ಮೇಲೆ ಅತ್ತೆ ನ್ಯೂಜೆರ್ಸಿಯಲ್ಲಿ ನಮ್ಮ ಜೊತೆನೇ ಇದಾರೆ. ಊಟ ಸೇರಲ್ಲ, ಎದೆ ಭಾರ, ತಲೆ ಧಿಮ್ ಅನ್ನುತ್ತೆ ಅಂತಿದ್ರು, ಕ್ಲಿನಿಕ್‌ಗೆ ಕಳಿಸಿದ್ವಿ. ನಾನು ಕೆಲಸದಲ್ಲಿದ್ದೆ, ನಮ್ಮ ಯಜಮಾನ್ರು ಕಾರಲ್ಲೇ ಕೂತು ಮೀಟಿಂಗ್ ಮುಗಿಸ್ತಿದ್ರು, ಅತ್ತೆ ಮಾತನ್ನ ಇಂಗ್ಲಿಷಲ್ಲಿ ಹೇಳೋಕೆ ಒಳಗೆ ಹೋಗಿದ್ದು ಹದಿನೈದು ವರ್ಷದ ಮಗ. ಅಲ್ಲಿ ಖಿನ್ನತೆ ಇದೆಯಾ ಅಂತ ನೋಡೋಕೆ ಪಿಎಚ್‌ಕ್ಯೂ-9 ಅಂತ ಒಂದು ಫಾರ್ಮ್ ಕೊಡ್ತಾರೆ, ಒಂಬತ್ತು ಪ್ರಶ್ನೆ, ಕಳೆದ ಎರಡು ವಾರದಲ್ಲಿ ಹೀಗೆಲ್ಲ ಎಷ್ಟು ದಿನ ಅನ್ನಿಸ್ತು ಅಂತ 0ಯಿಂದ 3ರವರೆಗೆ ಹಾಕ್ಬೇಕು. ಮಗ ನಂಗೆ ಮೆಸೇಜ್ ಮಾಡ್ದ, "ಅಮ್ಮ, ಹೋಪ್‌ಲೆಸ್‌ಗೆ ಕನ್ನಡದಲ್ಲಿ ಏನು?" ನಾನು ನೋಡಿದ್ದು ಒಂದು ಗಂಟೆ ಬಿಟ್ಟು. ಅಷ್ಟರಲ್ಲಿ ಅವನು "ಅಜ್ಜಿ, ಬೇಜಾರಾಗುತ್ತಾ?" ಅಂತ ಕೇಳಿ ಮುಗಿಸಿದ್ದ. ನಮ್ಮಲ್ಲಿ ಕರೆಂಟ್ ಹೋದ್ರೂ ಬೇಜಾರು, ಗಂಡ ಹೋದ್ರೂ ಬೇಜಾರು! ಅವ್ರು "ಬೇಜಾರ್ ಯಾಕಪ್ಪ, ನೀವೆಲ್ಲ ಇದೀರಲ್ಲ" ಅಂದ್ರಂತೆ. ಸೊನ್ನೆ ಬಿತ್ತು.

ಒಂಬತ್ತನೇ ಪ್ರಶ್ನೆ, ಸತ್ತು ಹೋಗಿದ್ರೇ ಚೆನ್ನಾಗಿತ್ತು ಅನ್ಸುತ್ತಾ ಅನ್ನೋದು. ಅದನ್ನ ಮಗ ಕೇಳಲೇ ಇಲ್ಲ, ತಾನೇ ಸೊನ್ನೆ ಹಾಕ್ಬಿಟ್ಟ. ಮೂರು ವಾರ ಆದ್ಮೇಲೆ ಒಂದಿನ ರಾತ್ರಿ ಬಂದು "ಅಜ್ಜಿಗೆ ಅದನ್ನ ನಾನು ಹೆಂಗ್ ಕೇಳ್ಲಿ ಅಮ್ಮ" ಅಂದ. ಅತ್ತೆ ದಿನಾ ಸಂಜೆ ದೀಪ ಹಚ್ಚುವಾಗ "ದೇವ್ರು ನನ್ನ ಯಾಕೋ ಇನ್ನೂ ಕರ್ಕೊಂಡಿಲ್ಲ" ಅಂತಿರ್ತಾರೆ. ವಯಸ್ಸಾದೋರು ಎಲ್ರೂ ಆಡೋ ಮಾತೇ ಅದು, ಅದಕ್ಕೆ ಎಷ್ಟು ಮಾರ್ಕು ಹಾಕ್ಬೇಕಿತ್ತು ನನಗೂ ಗೊತ್ತಿಲ್ಲ.

ಮಗನ್ನ ಬೈಯೋಕೆ ಮನಸ್ಸು ಬರಲಿಲ್ಲ. ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ವಚನ ಬಾಯಿಪಾಠ ಹೇಳಿ ಪ್ರೈಜ್ ತಗೊಂಡಿರೋ ಹುಡುಗ, ಆದ್ರೆ ಅವನ ಕನ್ನಡ ಅಂದ್ರೆ ಊಟ, ತಿಂಡಿ, ಶೂ ಬಿಚ್ಚು, ಅಷ್ಟೇ. ಅವನಿಗೆ ಸಂಕಟ ಆದ್ರೆ ಅದೂ ಇಂಗ್ಲಿಷಲ್ಲೇ, ಆಂಗ್ಸೈಟಿ ಅಂತಾನೆ, ಅದಕ್ಕೆ ಅವರಪ್ಪ "ಹೊಟ್ಟೆ ತುಂಬಿದೋರ ಕಾಯಿಲೆ" ಅಂತಾರೆ. ನನ್ನ ಜೊತೆ ಕೆಲಸ ಮಾಡೋ ಕೊರಿಯಾದವಳು ಹೇಳ್ತಿದ್ಲು, ಸಿಟ್ಟು ದುಃಖ ವರ್ಷಗಟ್ಟಲೆ ನುಂಗಿ ಎದೆ ಉರಿಯೋದಕ್ಕೆ ಅವರಲ್ಲಿ ಹ್ವಾಬ್ಯುಂಗ್ ಅಂತಾರೆ, ಬೆಂಕಿ ಕಾಯಿಲೆ. 1994ರಲ್ಲಿ ಬಂದ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-4ರಲ್ಲೂ ಆ ಹೆಸರು ಸೇರಿತ್ತು. ನಮ್ಮ ಅತ್ತೆ "ಒಳಗೊಳಗೇ ಬೇಯ್ತೀನಿ" ಅಂದ್ರೆ ಅಡುಗೆ ವಿಷಯ ಅನ್ಕೋತಾರೇನೋ ಇಲ್ಲಿನ ಡಾಕ್ಟರ್‌ಗಳು.

ಬೆಂಗಳೂರಿನ ಡಾಕ್ಟರ್‌ಗೆ ವಿಡಿಯೋ ಕಾಲ್ ಮಾಡಿ ಅಂದ್ಲು ನಾದಿನಿ. ಅದೂ ಸಲೀಸಲ್ಲ, ಸಾಮಾನ್ಯವಾಗಿ ಪೇಷೆಂಟ್ ಇರೋ ಸ್ಟೇಟ್‌ನ ಲೈಸೆನ್ಸೇ ಬೇಕು.

ಆಮೇಲೆ ಗೊತ್ತಾಗಿದ್ದು ಏನಂದ್ರೆ, 2010ರ ಹೆಲ್ತ್‌ಕೇರ್ ಕಾನೂನಿನ 1557ನೇ ಸೆಕ್ಷನ್ ಮತ್ತು ಅದರ ರೂಲ್ಸ್ ಪ್ರಕಾರ, ಇಲ್ಲಿನ ಕೇಂದ್ರ (ಫೆಡರಲ್) ಸರ್ಕಾರದ ದುಡ್ಡು ತಗೊಳ್ಳೋ ಕ್ಲಿನಿಕ್‌ಗಳು ಇಂಗ್ಲಿಷ್ ಬರದೇ ಇರೋರಿಗೆ ಫ್ರೀಯಾಗಿ ದುಭಾಷಿ ಕೊಡ್ಬೇಕು, ತೀರಾ ಎಮರ್ಜೆನ್ಸಿ ಬಿಟ್ರೆ ಮಕ್ಕಳ ಕೈಲಿ ಭಾಷಾಂತರ ಮಾಡಿಸೋ ಹಾಗಿಲ್ಲ. ಅವರೂ ಹೇಳ್ಲಿಲ್ಲ, ನಾವೂ ಕೇಳ್ಲಿಲ್ಲ. ಅಪ್ಪ ಅಮ್ಮನ್ನ ಇಲ್ಲಿಗೆ ಕಳಿಸೋ ನಿಮ್ಮ ಓದುಗರಿಗೆ ಇದು ಗೊತ್ತಿರಲಿ. ಕೂಟದವರೂ ಹಬ್ಬದ ಕಾರ್ಯಕ್ರಮದಲ್ಲಿ ಅರ್ಧ ಗಂಟೆ ಇದಕ್ಕೆ ಬಿಡಲಿ, ಕನ್ನಡ ಬರೋ ಕೌನ್ಸೆಲರ್‌ಗಳು ಯಾರಿದಾರೆ ಅಂತ ಹೇಳ್ಲಿ, ಒಂದು ಡ್ಯಾನ್ಸ್ ಕಮ್ಮಿ ಆದ್ರೆ ಏನೂ ಆಗಲ್ಲ.

ಮುಂದಿನ ತಿಂಗಳು ಅತ್ತೆಗೆ ಮತ್ತೆ ಚೆಕಪ್ ಇದೆ. ದುಭಾಷಿ ಬೇಕು ಅಂತ ಮೊದಲೇ ಫೋನ್ ಮಾಡಿದೀನಿ, ಕನ್ನಡ ಅಂತ ಸ್ಪೆಲ್ಲಿಂಗ್ ಸಮೇತ ಬರೆಸಿದೀನಿ.

ದಯವಿಟ್ಟು ನನ್ನ ಹೆಸರು ಹಾಕ್ಬೇಡಿ, ಅತ್ತೆ ನಿಮ್ಮ ಪೇಪರ್ ದಿನಾ ಓದ್ತಾರೆ.

ಇತಿ,
ನ್ಯೂಜೆರ್ಸಿಯಿಂದ ಒಬ್ಬ ಓದುಗಿ