ಯುಗಾದಿಯಿಂದ ಗಟ್ಟಿ ತಾಮ್ರದ ಪ್ಲಗ್ ವೈರ್ ಇಲ್ಲ

ನಮ್ಮ ಎಲ್ಲ ಗ್ರಾಹಕರಿಗೆ ಶರಣು ಶರಣಾರ್ಥಿ.

ಈ ಯುಗಾದಿಯಿಂದ ನಮ್ಮ ಅಂಗಡಿಯಲ್ಲಿ ಗಟ್ಟಿ ತಾಮ್ರದ ತಂತಿಯ ಪ್ಲಗ್ ವೈರ್, ಅಂದರೆ ಪೆಟ್ರೋಲ್ ಎಂಜಿನ್ನಿನ ಸ್ಪಾರ್ಕ್ ಪ್ಲಗ್‌ಗೆ ಕಿಡಿಯ ವಿದ್ಯುತ್ ಒಯ್ಯುವ ವೈರ್, ಸಿಗುವುದಿಲ್ಲ. ಸುರುಳಿಯಿಂದ ಅಳತೆಗೆ ಕತ್ತರಿಸಿ, ತುದಿಗೆ ಟರ್ಮಿನಲ್ ಒತ್ತಿ ಕೊಡುವ ಪದ್ಧತಿಯನ್ನೂ ನಿಲ್ಲಿಸುತ್ತಿದ್ದೇವೆ. ಇನ್ನು ಮುಂದೆ ಕೊಡುವುದು ಒಂದೇ ಬಗೆ: ಒಳಗೆ ಕೂದಲೆಳೆಯಂಥ ತಂತಿಯನ್ನು ಒತ್ತಾಗಿ ಸುತ್ತಿದ, ಹೊರಗೆ ಸಿಲಿಕೋನ್ ಹೊದಿಕೆಯ 8 ಮಿ.ಮೀ. ವೈರ್. ಅದೂ ಬಿಡಿಬಿಡಿಯಾಗಿ ಅಲ್ಲ, ಇಡೀ ಸೆಟ್. ಬೆಲೆ ಹಳೆಯದರ ಎರಡು ಪಟ್ಟಿಗಿಂತ ಹೆಚ್ಚು. ಯಾಕೆ ಎಂದು ನೀವು ಕೇಳಿಯೇ ಕೇಳುತ್ತೀರಿ. ಆ ಉತ್ತರದಲ್ಲಿ ನಮ್ಮದೇ ಒಂದು ತಪ್ಪೂ ಸೇರಿದೆ.

ಡೀಸೆಲ್ ಗಾಡಿಯವರು ಈ ಪತ್ರವನ್ನು ಇಲ್ಲಿಗೇ ಮಡಚಿಡಬಹುದು. ಪ್ರತಿ ಪ್ಲಗ್‌ನ ನೆತ್ತಿಯ ಮೇಲೂ ಕಿಡಿಯ ವಿದ್ಯುತ್ ಹುಟ್ಟಿಸುವ ಒಂದೊಂದು ಕಾಯಿಲ್ ಕೂತಿರುವ ಹೊಸ ಪೆಟ್ರೋಲ್ ಕಾರಿನವರೂ ಅಷ್ಟೇ. ಆ ಗಾಡಿಗಳಿಗೆ ಈ ವೈರ್‌ನ ಹಂಗಿಲ್ಲ. ಇದು ಹಳೆಯ ಜಿಪ್ಸಿ, ಎಸ್ಟೀಮ್, ಝೆನ್‌ಗಳ ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ತೇಯಿಸಿ, ಎಕ್ಸಾಸ್ಟ್ ಬದಲಿಸಿ, ಭಾನುವಾರ ಬೆಳಿಗ್ಗೆ ಹುಮನಾಬಾದ್ ರಸ್ತೆಯಲ್ಲಿ ಅದರ ಸದ್ದು ಕೇಳಿ ಖುಷಿಪಡುವವರಿಗೆ ಬರೆದದ್ದು.

ತಪ್ಪು ಏನೆಂದರೆ, ಕಾರ್ಬುರೇಟರ್ ಗಾಡಿಗಳಿಗೆ ನಾವು ವರ್ಷಗಟ್ಟಲೆ ತಾಮ್ರದ ವೈರ್ ಹಾಕಿದೆವು. ರೇಡಿಯೋ ಕರಕರ ಎನ್ನುತ್ತಿತ್ತು, ಅದನ್ನು ಯಾರೂ ದೊಡ್ಡದು ಮಾಡಲಿಲ್ಲ. ಅದೇ ಧೈರ್ಯದಲ್ಲಿ ಒಂದು ಎಂಪಿಎಫ್‌ಐ ಎಸ್ಟೀಮ್‌ಗೂ, ಅಂದರೆ ಕಾರ್ಬುರೇಟರ್ ಬದಲು ಕಂಪ್ಯೂಟರ್ ಹೇಳಿದಂತೆ ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸುವ ಗಾಡಿಗೂ, ಹಾಕಿದೆವು. ಗಾಡಿ ನಿಂತಲ್ಲೇ ಏರಿಳಿಯತೊಡಗಿತು, ವೇಗ ಹಿಡಿದರೆ ತಟಕ್ಕನೆ ಕಡಿದುಕೊಳ್ಳುತ್ತಿತ್ತು. ನಾವು ಇಂಜೆಕ್ಟರ್ ತೊಳೆದೆವು, ಸೆನ್ಸರ್ ಬದಲಿಸಿದೆವು, ಮಾಲೀಕರ ಕೈಯಿಂದ ಹಣವನ್ನೂ ತೆಗೆದುಕೊಂಡೆವು. ಕೊನೆಗೆ ನಮ್ಮ ಮಿಸ್ತ್ರಿ ಬೇಸತ್ತು ಹಳೆಯ ವೈರ್‌ಗಳನ್ನೇ ಮತ್ತೆ ಚುಚ್ಚಿದಾಗ ಎಂಜಿನ್ ಏನೂ ಆಗಿಲ್ಲವೆಂಬಂತೆ ಓಡಿತು. ಗಟ್ಟಿ ತಾಮ್ರವು ಪ್ರತಿ ಕಿಡಿಯ ವಿದ್ಯುತ್ ಗದ್ದಲವನ್ನೂ (ರೇಡಿಯೋ ಕರಕರ ಎನ್ನುವುದು ಇದರಿಂದಲೇ) ಸುತ್ತ ಹರಡುತ್ತದೆ, ಎಂಜಿನ್ನಿನ ಕಂಪ್ಯೂಟರ್ ಆ ಗದ್ದಲದಲ್ಲಿ ದಾರಿ ತಪ್ಪುತ್ತದೆ. ಆ ಹಣ ಹಿಂದಿರುಗಿಸಿದ್ದೇವೆ. ನಾಚಿಕೆ ಇನ್ನೂ ಹೋಗಿಲ್ಲ.

ಹಾಗಾದರೆ ಕಂಪನಿಯಿಂದ ಬರುವ ಕಾರ್ಬನ್ ವೈರ್ ಸಾಲದೇ? ದಿನನಿತ್ಯದ ಗಾಡಿಗೆ ಧಾರಾಳವಾಗಿ ಸಾಕು. ಅದರೊಳಗಿರುವುದು ಕಾರ್ಬನ್ ಹಿಡಿಸಿದ ನಾರು. ಮೀಟರಿಗೆ ಸುಮಾರು 10ರಿಂದ 20 ಸಾವಿರ ಓಮ್ ತಡೆ ಇರುತ್ತದೆ, ಗದ್ದಲ ಅಲ್ಲೇ ಅಡಗುತ್ತದೆ. ಆದರೆ ಬಿಸಿಗೂ ಎಳೆತಕ್ಕೂ ಆ ನಾರು ಒಳಗೊಳಗೇ ಕಡಿಯುತ್ತದೆ, ಹೊರಗಿನಿಂದ ನೋಡಿದರೆ ಏನೂ ಕಾಣದು. ಮೊದಲೇ ನಮ್ಮದು ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರು. ಆ ಬಿಸಿಯಲ್ಲಿ ಬಾನೆಟ್ ಕೆಳಗೆ, ಎಕ್ಸಾಸ್ಟ್‌ನಿಂದ ನಾಲ್ಕು ಬೆರಳು ದೂರದಲ್ಲಿ ಹಾದುಹೋಗುವ ವೈರ್‌ನ ಪಾಡು ಏನೆಂದು ಊಹಿಸಿಕೊಳ್ಳಿ. ಸುರುಳಿ ಸುತ್ತಿದ ವೈರ್‌ನಲ್ಲಿ ತಡೆ ಕಡಿಮೆ, ಗದ್ದಲವನ್ನು ಸುರುಳಿಯೇ ಹಿಡಿದಿಡುತ್ತದೆ, ಲೋಹವಾದ್ದರಿಂದ ಬಾಳಿಕೆಯೂ ಹೆಚ್ಚು.

ಹೆಡ್ ತೇಯಿಸಿ ಕಂಪ್ರೆಷನ್ ಏರಿಸಿದವರು ಇನ್ನೊಂದು ಮಾತನ್ನು ಗಮನಿಸಬೇಕು. ಸಿಲಿಂಡರ್‌ನಲ್ಲಿ ಒತ್ತಡ ಹೆಚ್ಚಿದಷ್ಟೂ ಪ್ಲಗ್‌ನ ಸಂದಿಯಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟ್ ಬೇಕು. 20 ಸಾವಿರಕ್ಕೂ ಮೀರಿದ ಆ ವೋಲ್ಟ್‌ಗೆ ಹೊದಿಕೆಯಲ್ಲಿ ಒಂದು ಸಣ್ಣ ಬಿರುಕು ಸಿಕ್ಕರೂ ಸಾಕು, ಪ್ಲಗ್ ಬಿಟ್ಟು ಆ ಕಳ್ಳದಾರಿಯಲ್ಲೇ ಎಂಜಿನ್ನಿನ ಲೋಹದ ಮೈಗೆ ಇಳಿದುಬಿಡುತ್ತದೆ. ಅದಕ್ಕೇ ಗಾಡಿ ನಿಂತಲ್ಲಿ ನುಣ್ಣಗೆ ಓಡುತ್ತದೆ, ಏರಿನಲ್ಲಿ ಮಿಸ್ಸಿಂಗ್ ಹೊಡೆಯುತ್ತದೆ, ಅಂದರೆ ನಡುನಡುವೆ ಉರಿ ತಪ್ಪುತ್ತದೆ. ಮೊನ್ನೆ ರಾತ್ರಿ ಷಟರ್ ಅರ್ಧ ಇಳಿಸಿ, ದೀಪ ಆರಿಸಿ, ಒಂದು ಜಿಪ್ಸಿಯ ಹಳೆಯ ವೈರ್‌ಗಳ ಮೇಲೆ ನೀರನ್ನು ಮಂಜಿನಂತೆ ಚಿಮುಕಿಸಿದೆವು. ಮೂರನೆಯ ವೈರ್‌ನ ಮೈಯಿಂದ ವಾಲ್ವ್ ಕವರ್‌ಗೆ ನೀಲಿ ಎಳೆಗಳು ಚಿಟಚಿಟ ಎಂದು ಜಿಗಿಯುತ್ತಿದ್ದವು. ಮಾಲೀಕರು ಅದಕ್ಕೂ ಮುಂಚೆ ಬೇರೆ ಕಡೆ ಎರಡು ಸಲ ಪ್ಲಗ್ ಬದಲಿಸಿಕೊಂಡಿದ್ದರು.

ದಪ್ಪದ ಬಗ್ಗೆಯೂ ಹೇಳಿಬಿಡುತ್ತೇವೆ. 10 ಮಿ.ಮೀ.ನ ಕೆಂಪು ವೈರ್ ನೋಡಲು ಭರ್ಜರಿಯಾಗಿರುತ್ತದೆ, ನಾವೂ ಅದನ್ನು ಹೊಗಳಿಯೇ ಮಾರಿದ್ದೇವೆ. ಆ ದಪ್ಪವೆಲ್ಲ ಹೊದಿಕೆಯದು. ಅದರಿಂದ ಎಂಜಿನ್‌ಗೆ ಶಕ್ತಿ ಬರುವುದಿಲ್ಲ, ಕ್ಲಿಪ್ಪಿನಲ್ಲಿ ಮಾತ್ರ ಕೂರುವುದಿಲ್ಲ. ಹಾಗೆ ನೋಡಿದರೆ ಈಗಿರುವ ವೈರ್ ಚೆನ್ನಾಗಿದ್ದರೆ ಯಾವ ಹೊಸ ವೈರ್‌ನಿಂದಲೂ ಪಿಕಪ್ ಹೆಚ್ಚದು. ಸೋರಿಹೋಗುತ್ತಿರುವ ಕಿಡಿ ಸೋರದಂತೆ ತಡೆಯುವುದಷ್ಟೇ ಅದರ ಕೆಲಸ. ಅಳೆದು ನೋಡದೆ ನಾವು ಯಾರಿಗೂ ಸೆಟ್ ಮಾರುವುದಿಲ್ಲ, ಅಳೆಯಲು ಹಣವನ್ನೂ ತೆಗೆದುಕೊಳ್ಳುವುದಿಲ್ಲ.

ಅಂದಕ್ಕೆಂದು ನಾಲ್ಕೂ ವೈರ್‌ಗಳನ್ನು ಒಟ್ಟಿಗೆ ಟೈ ಹಾಕಿ ಬಿಗಿಯಬೇಡಿ. ಈ ಎಂಜಿನ್‌ಗಳ ನಾಲ್ಕು ಸಿಲಿಂಡರ್‌ಗಳು 1-3-4-2 ಕ್ರಮದಲ್ಲಿ ಉರಿಯುತ್ತವೆ. ಮೂರರ ಬೆನ್ನಿಗೇ ನಾಲ್ಕು, ಎರಡರ ಬೆನ್ನಿಗೇ ಒಂದು. ಆ ಜೋಡಿಗಳು ಮೈಗೆ ಮೈ ತಾಗಿಸಿ ಮಲಗಿದರೆ ಒಂದರ ವಿದ್ಯುತ್ ಇನ್ನೊಂದರಲ್ಲಿ ಹುಟ್ಟಿ, ಹೊತ್ತಲ್ಲದ ಹೊತ್ತಿನಲ್ಲಿ ಕಿಡಿ ಹಾರೀತು. ಬಿಚ್ಚುವಾಗ ವೈರ್ ಹಿಡಿದು ಜಗ್ಗಬೇಡಿ, ತುದಿಯ ಬೂಟ್ (ಪ್ಲಗ್ ಮೇಲೆ ಕೂರುವ ಟೊಪ್ಪಿ) ಹಿಡಿದು ಸ್ವಲ್ಪ ತಿರುಗಿಸಿ ಎಳೆಯಿರಿ. ಸಿಲಿಕೋನ್ ಬಿಸಿಗೆ ಜಗ್ಗದು, ಆದರೆ ಚೂಪು ಅಂಚಿಗೆ ಬೇಗ ಹರಿಯುತ್ತದೆ. ತೊಗರಿ ಮೂಟೆಗಳ ಪಕ್ಕದಲ್ಲಿ ಗಾಡಿ ನಿಲ್ಲಿಸುವವರು ಇಲಿಯ ವ್ಯವಸ್ಥೆಯನ್ನು ತಾವೇ ನೋಡಿಕೊಳ್ಳಬೇಕು. ಅದಕ್ಕೆ ನಮ್ಮ ಗ್ಯಾರಂಟಿ ಇಲ್ಲ.

ಉಳಿದಂತೆ ಗ್ಯಾರಂಟಿ ಒಂದು ವರ್ಷ. ಪ್ರತಿ ವೈರ್‌ನ ಓಮ್ ಎಷ್ಟು ಎಂದು ಬಿಲ್ಲಿನ ಹಿಂದೆ ಬರೆದುಕೊಡುತ್ತೇವೆ, ಮುಂದಿನ ಸಲ ಅದಕ್ಕೇ ಹೋಲಿಸಿ ನೋಡೋಣ. ಎಂಪಿಎಫ್‌ಐ ಗಾಡಿಗೆ ನಮ್ಮಿಂದ ತಾಮ್ರದ ವೈರ್ ಹಾಕಿಸಿಕೊಂಡವರು ಹಳೆಯ ಬಿಲ್ ಇಲ್ಲದಿದ್ದರೂ ಬನ್ನಿ, ಕೊಟ್ಟ ಹಣವನ್ನು ಹೊಸ ಸೆಟ್‌ನ ಬೆಲೆಯಲ್ಲಿ ಕಳೆಯುತ್ತೇವೆ. ಬರುವಾಗ ಬಿಚ್ಚಿಟ್ಟ ಮೂಲ ವೈರ್‌ಗಳು ಮನೆಯಲ್ಲಿದ್ದರೆ ತನ್ನಿ, ಉದ್ದ ಹೊಂದಿಸಲು ಬೇಕಾಗುತ್ತವೆ.

ಇತಿ ನಿಮ್ಮ,
ಅಂಗಡಿಯ ಮಾಲೀಕರು ಮತ್ತು ಮಿಸ್ತ್ರಿಗಳು
ಕಲಬುರಗಿ