ಕೋಡ್ ಹೇಳಿದ್ದು ಸರ್ಕ್ಯೂಟ್, ಬದಲಾಗಿದ್ದು ಸೆನ್ಸರ್

ಮಾನ್ಯ ಸಂಪಾದಕರೇ,

ನಾನು ತಿಪಟೂರು ತಾಲ್ಲೂಕಿನವನು. 34 ವರ್ಷ ದೂರವಾಣಿ ಇಲಾಖೆಯಲ್ಲಿ ಲೈನ್‌ಮನ್ ಆಗಿ ಕಂಬ ಹತ್ತಿ ಇಳಿದವನು. ಈಗ ತೋಟ, ಕೊಬ್ಬರಿ, ಮೊಮ್ಮಕ್ಕಳು. ಕಾರಿನ ವಿಷಯ ಅಷ್ಟಾಗಿ ತಿಳಿಯದು. ವೈರಿನ ವಿಷಯ ಗೊತ್ತು. ಈ ಪತ್ರ ವೈರಿನದ್ದೇ.

ಯುಗಾದಿಗೆ ಮುಂಚೆ ಮಗಳನ್ನು ಕರೆತರಲು ತುಮಕೂರಿಗೆ ಹೊರಟಿದ್ದೆ. ಕೆ.ಬಿ. ಕ್ರಾಸ್ ದಾಟಿ ನಿಟ್ಟೂರಿನ ಹತ್ತಿರ ಬಂದಾಗ ಮೀಟರ್ ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹತ್ತಿತು. ಗಾಡಿ ಎಂದಿನಂತೆಯೇ ಓಡುತ್ತಿತ್ತು. ಜರ್ಕ್ ಇಲ್ಲ, ವಾಸನೆ ಇಲ್ಲ. ನನ್ನದು 2018ರ ಪೆಟ್ರೋಲ್ ಕಾರು. ಹೇಗೂ ತುಮಕೂರಿಗೆ ಬಂದಿದ್ದೇನಲ್ಲ ಎಂದು ಅಲ್ಲಿನ ಒಂದು ಸರ್ವಿಸ್ ಸೆಂಟರ್‌ಗೆ ಬಿಟ್ಟೆ. ಸ್ಕ್ಯಾನರ್ ಚುಚ್ಚಿದ ಹುಡುಗ ಹತ್ತು ನಿಮಿಷದಲ್ಲಿ ತೀರ್ಪು ಕೊಟ್ಟ: "ಆಕ್ಸಿಜನ್ ಸೆನ್ಸರ್ ಹೋಗಿದೆ ಸರ್, ಚೇಂಜ್ ಮಾಡಬೇಕು." ಕೂಲಿ ಸೇರಿ 6,400 ರೂಪಾಯಿ. ದೀಪ ಆರಿತು.

ಹಳೇ ಸೆನ್ಸರ್ ಕೊಡಿ ಎಂದೆ. ಸ್ಕ್ರ್ಯಾಪ್‌ಗೆ ಹೋಗುತ್ತೆ ಸರ್, ನಿಮಗ್ಯಾಕೆ ಎಂದರು. ದುಡ್ಡು ಕೊಟ್ಟವನು ನಾನಲ್ವಾ ಎಂದು ಪಟ್ಟು ಹಿಡಿದ ಮೇಲೆ ಪೇಪರಿನಲ್ಲಿ ಸುತ್ತಿ ಕೊಟ್ಟರು. ಆ ಪೇಪರ್ ನಿಮ್ಮ ಪತ್ರಿಕೆಯದೇ ಆಗಿತ್ತು, ಬೇಜಾರು ಮಾಡಿಕೊಳ್ಳಬೇಡಿ.

11 ದಿನ ಕಳೆಯಿತು. ಅದೇ ದೀಪ ಮತ್ತೆ ಹತ್ತಿತು. ಮತ್ತೆ ತುಮಕೂರು, ಮತ್ತೆ ಅದೇ ಸೆಂಟರ್. ಈ ಸಲ ಇನ್ನೊಬ್ಬರು ಬಂದು, "ಹಾಗಾದ್ರೆ ಕ್ಯಾಟಲಿಟಿಕ್ ಕನ್ವರ್ಟರ್ ಇರಬೇಕು ಸರ್. 40 ಸಾವಿರದ ಮೇಲಾಗುತ್ತೆ" ಎಂದರು. ಹೊಗೆಯ ವಿಷ ಕಡಿಮೆ ಮಾಡುವ, ಸೈಲೆನ್ಸರ್ ಪೈಪಿನಲ್ಲಿರುವ ಡಬ್ಬಿ ಅದು. "ಇರಬೇಕು" ಎನ್ನುವ ಒಂದು ಮಾತಿಗೆ 40 ಸಾವಿರ! ಸ್ಕ್ಯಾನರ್‌ನಲ್ಲಿ ದೋಷದ ಕೋಡ್ ನಂಬರ್ ಎಷ್ಟು ಬಂತು ಎಂದು ಕೇಳಿದೆ. ಅದೆಲ್ಲ ಸಿಸ್ಟಮ್‌ನಲ್ಲಿರುತ್ತೆ ಎಂದರು. ಗಾಡಿ ತಿರುಗಿಸಿಕೊಂಡು ಊರಿಗೆ ಬಂದೆ.

ನಮ್ಮೂರಿನ ರಸ್ತೆ ಬದಿಯ ಮೆಕ್ಯಾನಿಕ್ ಹುಡುಗನ ಹತ್ತಿರ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಡಬ್ಬಿ ಇದೆ. ಸ್ಟೇರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್‌ಗೆ ಅದನ್ನು ಸಿಕ್ಕಿಸಿದರೆ ಅವನ ಮೊಬೈಲಿನಲ್ಲಿ ಎಲ್ಲ ಕಾಣುತ್ತದೆ. ಕೋಡ್ ಬಂತು: ಪಿ 0135. ಅರ್ಥವೇನು ಎಂದರೆ, "ಮುಂಭಾಗದ ಆಕ್ಸಿಜನ್ ಸೆನ್ಸರ್ ಹೀಟರ್ ಸರ್ಕ್ಯೂಟ್ ಅಂತೆ ಯಜಮಾನ್ರೇ" ಎಂದ. ಸರ್ಕ್ಯೂಟ್ ಎಂಬ ಮಾತು ಕೇಳಿದ್ದೇ ನನ್ನ ಕಿವಿ ನೆಟ್ಟಗಾಯಿತು. ಸರ್ಕ್ಯೂಟ್ ಎಂದರೆ ಸೆನ್ಸರ್ ಒಂದೇ ಅಲ್ಲ. ಫ್ಯೂಸು, ವೈರು, ಕನೆಕ್ಟರು ಎಲ್ಲ ಅದರಲ್ಲೇ ಬಂತು. ಕನ್ವರ್ಟರ್ ಮೇಲೆ ಅನುಮಾನವಿದ್ದರೆ ಬರುವ ಕೋಡೇ ಬೇರೆ, ಪಿ 0420. ಅದು ನನ್ನ ಗಾಡಿಯಲ್ಲಿ ಬಂದೇ ಇರಲಿಲ್ಲ.

ಈ ಸೆನ್ಸರ್ ಕೂತಿರುವುದು ಸೈಲೆನ್ಸರ್ ಪೈಪಿನ ಮುಂಭಾಗದಲ್ಲಿ, ಕನ್ವರ್ಟರಿಗಿಂತ ಮುಂಚೆ. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಹೊರಗಿನ ಗಾಳಿಗೆ ಹೋಲಿಸಿ ಸಣ್ಣ ವೋಲ್ಟೇಜ್ ಕೊಡುತ್ತದೆ. ಪೆಟ್ರೋಲ್ ಜಾಸ್ತಿಯಾದರೆ 0.9 ವೋಲ್ಟಿನ ಹತ್ತಿರ, ಗಾಳಿ ಜಾಸ್ತಿಯಾದರೆ 0.1ರ ಹತ್ತಿರ. 1 ಕೆ.ಜಿ. ಪೆಟ್ರೋಲಿಗೆ 14.7 ಕೆ.ಜಿ. ಗಾಳಿ ಎನ್ನುವ ಹದವನ್ನು ಎಂಜಿನ್ ಕಂಪ್ಯೂಟರ್ ಕಾಯುವುದು ಇದರ ಮಾತು ಕೇಳಿಕೊಂಡೇ. ಆದರೆ 300 ಡಿಗ್ರಿಯಷ್ಟು ಕಾಯುವ ತನಕ ಇದು ಬಾಯಿ ಬಿಡುವುದಿಲ್ಲ. ಬೇಗ ಕಾಯಲಿ ಎಂದೇ ಒಳಗೊಂದು ಹೀಟರ್ ಇಟ್ಟಿದ್ದಾರೆ. ಹೀಟರಿಗೆ ಕರೆಂಟ್ ಸಿಗದಿದ್ದರೆ ಹೊಗೆಯ ಬಿಸಿಗೇ ಕಾಯಬೇಕು. ಅಲ್ಲಿಯವರೆಗೆ ಕಂಪ್ಯೂಟರ್ ಅಂದಾಜಿನ ಮೇಲೆ ಪೆಟ್ರೋಲ್ ಸುರಿಯುತ್ತದೆ. ತೋಟದಿಂದ ಪೇಟೆಗೆ ನಾಲ್ಕೈದು ಕಿಲೋಮೀಟರ್ ಓಡಾಡುವ ನನ್ನಂಥವನ ಗಾಡಿಯಲ್ಲಿ ಸೆನ್ಸರ್ ಎಚ್ಚರವಾಗುವ ಹೊತ್ತಿಗೆ ಮನೆಯೇ ಬಂದಿರುತ್ತದೆ. ಲೀಟರಿಗೆ 17 ಕೊಡುತ್ತಿದ್ದ ಗಾಡಿ 14ಕ್ಕೆ ಯಾಕೆ ಇಳಿದಿತ್ತು ಎಂಬುದು ಆಗ ಹೊಳೆಯಿತು. ಅದಕ್ಕೂ ಮುಂಚೆ ಬಂಕಿನವರನ್ನು ಸುಮ್ನೆ ಬೈದುಕೊಂಡಿದ್ದೆ.

ನನ್ನ ಹಳೇ ಮಲ್ಟಿಮೀಟರ್ ತಂದೆ. ಸೆನ್ಸರಿನಿಂದ ನಾಲ್ಕು ವೈರು ಬರುತ್ತವೆ. ನನ್ನ ಗಾಡಿಯಲ್ಲಿ ಹೀಟರಿನ ಎರಡೂ ಬಿಳಿ. ಹೊಸ ಸೆನ್ಸರಿನ ಹೀಟರ್ 6 ಓಮ್ ತೋರಿಸಿತು. ಪೇಪರ್ ಬಿಚ್ಚಿ ಹಳೆಯದನ್ನು ಅಳೆದೆ. ಅದೂ 6 ಓಮ್! ಹೀಟರ್ ಸುಟ್ಟಿದ್ದರೆ ಮೀಟರ್ ಏನನ್ನೂ ತೋರಿಸಬಾರದಿತ್ತು. ಅಂದರೆ 6,400 ರೂಪಾಯಿ ಕೊಟ್ಟು ಬದುಕಿದ್ದವನನ್ನೇ ಹೊರಗೆ ಹಾಕಿಸಿದ್ದೆ.

ಕನೆಕ್ಟರ್ ಬಿಚ್ಚಿ, ಎಂಜಿನ್ ಚಾಲೂ ಮಾಡಿ, ಗಾಡಿ ಕಡೆಯ ವೈರಿನಲ್ಲಿ ನೋಡಿದರೆ 12 ವೋಲ್ಟ್ ಸರಿಯಾಗಿಯೇ ಇತ್ತು. ಹುಡುಗ ಕೈಚೆಲ್ಲಿದ. ನಾನು ಬಿಡಲಿಲ್ಲ. ಟೆಲಿಫೋನ್ ಲೈನಿನಲ್ಲಿ ಇಂಥದ್ದು ಎಷ್ಟು ನೋಡಿಲ್ಲ! ಕಿಲುಬು ಹಿಡಿದ ಜಾಯಿಂಟ್ ಮೀಟರಿಗೆ ವೋಲ್ಟೇಜ್ ತೋರಿಸುತ್ತದೆ, ಕೆಲಸ ಕೊಟ್ಟರೆ ಕುಸಿಯುತ್ತದೆ. 6 ಓಮಿನ ಹೀಟರ್ ಎಂದರೆ 2 ಆಂಪಿಯರ್ ಎಳೆಯುತ್ತದೆ. ಹೆಚ್ಚೂಕಡಿಮೆ ಅಷ್ಟೇ ಎಳೆಯುವ 21 ವ್ಯಾಟಿನ ಇಂಡಿಕೇಟರ್ ಬಲ್ಬನ್ನು ಆ ವೈರಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಹಿಡಿಸಿದೆ. ಬಲ್ಬ್ ಮಿಣಮಿಣ ಎಂದಿತು, ಎಣ್ಣೆ ತೀರಿದ ದೀಪದ ಹಾಗೆ.

ಆಮೇಲೆ ವೈರ್ ಹಿಡಿದುಕೊಂಡು ಹೋದೆವು. ಎಂಜಿನ್ ಹಿಂದೆ, ಕೈ ಹೋಗದ ಕಡೆ, ಮೇಲಿನ ಕೊಳವೆ ಹರಿದು ವೈರ್ ಕಡಿದುಹೋಗಿತ್ತು. ಹಸಿರು ಕಿಲುಬು ಹಿಡಿದ ಒಂದೆರಡು ಎಳೆ ಮಾತ್ರ ಉಳಿದಿದ್ದವು. ಅಲುಗಾಡಿದಾಗ ಸೇರುತ್ತಿದ್ದವು, ಬಿಡುತ್ತಿದ್ದವು. ದೀಪ 11 ದಿನ ಸುಮ್ಮನಿದ್ದದ್ದು ಅದಕ್ಕೇ. ಪಕ್ಕದಲ್ಲೇ ಇಲಿ ಹಿಕ್ಕೆ. ಈ ತಪ್ಪು ನನ್ನದೇ, ಒಪ್ಪುತ್ತೇನೆ. ಕೊಬ್ಬರಿ ಅಟ್ಟದ ಕೆಳಗೆ ಕಾರು ನಿಲ್ಲಿಸುತ್ತಿದ್ದೆ. ಅಟ್ಟದಲ್ಲಿ ವರ್ಷವಿಡೀ ಕಾಯಿ ಒಣಗುವ ಮನೆಯಲ್ಲಿ ಇಲಿಗೇನು ಬರ? ನಮ್ಮ ಮನೆಯವರು ಮೊದಲೇ ಹೇಳಿದ್ದರು.

ವೈರ್ ಬೆಸೆದು, ಮೇಲೆ ಪ್ಲಾಸ್ಟಿಕ್ ಸ್ಲೀವ್ ಹಾಕಿ ಬಿಸಿ ಕೊಟ್ಟು ಮುಚ್ಚಿದೆವು. ಹುಡುಗ 150 ರೂಪಾಯಿ ಕೇಳಿದ, 500 ಕೊಟ್ಟೆ. ಹಳೇ ಸೆನ್ಸರನ್ನೇ ಹಾಕಿ ನೋಡೋಣ ಎಂದು ಹಠ ಹಿಡಿದವನೂ ಅವನೇ. 22ರ ಸ್ಪ್ಯಾನರಿನಲ್ಲಿ ಬಿಚ್ಚಿ ಹಾಕಿದ. ಮೊಬೈಲಿನಲ್ಲಿ ಗೆರೆ 0.1ರಿಂದ 0.9ಕ್ಕೆ ಹತ್ತಿ ಇಳಿಯುವುದನ್ನು ಇಬ್ಬರೂ ಸುಮಾರು ಹೊತ್ತು ನೋಡುತ್ತ ನಿಂತೆವು. ಕನ್ವರ್ಟರ್ ಆಚೆಗಿನ ಎರಡನೇ ಸೆನ್ಸರಿನ ಗೆರೆ ಅಲ್ಲಾಡದೆ ನಿಂತಿತ್ತು. ಅದೂ ಮೊದಲನೆಯದರ ಹಾಗೆಯೇ ಕುಣಿದಿದ್ದರೆ ಕನ್ವರ್ಟರನ್ನು ಅನುಮಾನಿಸಬಹುದಿತ್ತು. ಇದಾಗಿ ಎರಡು ತಿಂಗಳು ದಾಟಿದೆ. ದೀಪ ಹತ್ತಿಲ್ಲ. 6,400 ರೂಪಾಯಿಯ ಹೊಸ ಸೆನ್ಸರ್ ನನ್ನ ಟೂಲ್ ಡಬ್ಬಿಯಲ್ಲಿದೆ.

ಫೋನ್ ಡೆಡ್ ಎಂದು ಕಂಪ್ಲೇಂಟ್ ಬಂದರೆ ನಾವು ಮೊದಲು ಫೋನ್ ಬದಲಿಸುತ್ತಿರಲಿಲ್ಲ. ಕಂಬದ ಡಬ್ಬಿಯಿಂದ ಮನೆಯವರೆಗೆ ಲೈನ್ ನೋಡುತ್ತಿದ್ದೆವು, ನೋಡಿದ್ದನ್ನು ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆವು. ಸರ್ವಿಸ್ ಸೆಂಟರ್‌ನವರು ಕಳ್ಳರು ಎಂದು ನಾನು ಹೇಳುತ್ತಿಲ್ಲ. ಆ ಹುಡುಗನಿಗೆ ದಿನಕ್ಕೆ ಇಷ್ಟು ಗಾಡಿ ಎಂಬ ಲೆಕ್ಕ ಇರಬಹುದು. ಮೀಟರ್ ಹಿಡಿಯುವ ಅರ್ಧ ಗಂಟೆಗೆ ಬಿಲ್ಲಿನಲ್ಲಿ ಜಾಗವಿಲ್ಲ, ಪಾರ್ಟ್ ಬದಲಿಸಿದ್ದಕ್ಕೆ ಇದೆ. ಹಾಗಿದ್ದರೆ ಆ ಅರ್ಧ ಗಂಟೆಗೂ 300 ರೂಪಾಯಿ ಹಾಕಲಿ, ಖುಷಿಯಿಂದ ಕೊಡುತ್ತೇನೆ.

ದೀಪ ಹತ್ತಿದ್ದಕ್ಕೆ ಪಕ್ಕದ ತೋಟದವರು ಕೊಟ್ಟ ಸಲಹೆ ಬೇರೆ: ಬ್ಯಾಟರಿ ಟರ್ಮಿನಲ್ ಬಿಚ್ಚಿ ಹಾಕಿ, ಆರಿಹೋಗುತ್ತೆ. ಆರಬಹುದು. ಜೊತೆಗೆ ಕೋಡೂ ಅಳಿಸಿಹೋದರೆ ಮೆಕ್ಯಾನಿಕ್ ಏನು ನೋಡಬೇಕು? ದೀಪ ಸುಮ್ಮನೆ ಉರಿಯುತ್ತಿದ್ದರೆ, ಗಾಡಿಯೂ ಸರಿಯಾಗಿ ಓಡುತ್ತಿದ್ದರೆ, ನಿಧಾನವಾಗಿ ತೋರಿಸಲು ಹೋಗಬಹುದು. ಮಿಟುಕುತ್ತಿದ್ದರೆ ಮಾತ್ರ ಬದಿಗೆ ನಿಲ್ಲಿಸಿಬಿಡಿ. ಆಗ ಪೆಟ್ರೋಲ್ ಉರಿಯದೆ ಹೊರಗೆ ಹೋಗುತ್ತಿರುತ್ತದೆ, ಕನ್ವರ್ಟರ್ ನಿಜವಾಗಿಯೂ ಕೆಡುವುದು ಹಾಗೆ.

ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿ ಎಂದು ಮಗ ಹೇಳುತ್ತಾನೆ. ನನಗೆ ಆ ಓಡಾಟ ಬೇಡ. ಜಿಲ್ಲೆಯ ಸರ್ವಿಸ್ ಸೆಂಟರ್‌ಗಳು ಜಾಬ್ ಕಾರ್ಡಿನಲ್ಲಿ ಕೋಡ್ ನಂಬರ್ ಬರೆಯಲಿ. ಪಾರ್ಟ್ ಬದಲಿಸುವ ಮುಂಚೆ ಯಾವ ವೈರ್ ಅಳೆದರು, ಎಷ್ಟು ಬಂತು ಎಂಬುದನ್ನೂ ಅದರ ಕೆಳಗೆ ಬರೆಯಲಿ. ಹಳೇ ಪಾರ್ಟನ್ನು ಕೇಳದಿದ್ದರೂ ಕೈಗೆ ಕೊಡಲಿ. ಪೇಪರಿನಲ್ಲಿ ಸುತ್ತಿಯೇ ಕೊಡಲಿ, ತೊಂದರೆ ಇಲ್ಲ.

ಇಂತಿ,
ಒಬ್ಬ ನಿವೃತ್ತ ಲೈನ್‌ಮನ್
ತಿಪಟೂರು ತಾಲ್ಲೂಕು, ತುಮಕೂರು ಜಿಲ್ಲೆ