ಫಾರ್ಮ್ಯಾಟ್ ಮಾಡಿಸುವ ಮುನ್ನ ಮುಚ್ಚಳ ತೆಗೆದು ನೋಡಿ

ಮಾನ್ಯ ಸಂಪಾದಕರೇ,

ಅಡಿಕೆ ಸುಲಿತ ಮುಗಿಯುವ ಹೊತ್ತಿಗೆ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಕಂಪ್ಯೂಟರ್ ಫ್ಯಾನು ಗುಂಯ್‌ಗುಡತೊಡಗುತ್ತದೆ. ಹತ್ತು ನಿಮಿಷ ನಡೆದು ತಾನೇ ಆಫ್ ಆಗುತ್ತದೆ. ವೈರಸ್ ಇರಬೇಕೆಂದು ಫಾರ್ಮ್ಯಾಟ್ ಮಾಡಿಸಿ ದುಡ್ಡು ಕೊಟ್ಟು ಬರುವವರೇ ಹೆಚ್ಚು. ಮೊದಲು ಸಿಪಿಯು ಡಬ್ಬದ ಪಕ್ಕದ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಬೇಕು. ಪ್ರೊಸೆಸರ್ (ಕಂಪ್ಯೂಟರಿನ ಮುಖ್ಯ ಚಿಪ್) ಮೇಲಿನ ಫ್ಯಾನು ಚೊಕ್ಕವಾಗಿಯೇ ಕಾಣಬಹುದು. ಅದರಡಿ, ಪ್ರೊಸೆಸರಿನ ಕಾವು ಎಳೆದು ಹೊರಹಾಕುವ ಹೀಟ್‌ಸಿಂಕ್‌ನ ಅಲ್ಯೂಮಿನಿಯಂ ಪಟ್ಟಿಗಳ ಮೇಲೆ ಕಂಬಳಿ ತುಂಡಿನಂತೆ ದೂಳು ಕೂತಿರುತ್ತದೆ. ಗಾಳಿ ಹಾಯದೆ 90–100 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಪ್ರೊಸೆಸರ್ ಮೊದಲು ವೇಗ ತಗ್ಗಿಸುತ್ತದೆ, ಆಮೇಲೂ ಕಾವು ಏರಿದರೆ ಆಫ್ ಆಗುತ್ತದೆ.

ನಮ್ಮ ಕಡೆಯದು ಬರೀ ಒಣ ದೂಳಲ್ಲ. ಬಚ್ಚಲೊಲೆಯ ಹೊಗೆ, ಒಗ್ಗರಣೆ ಜಿಡ್ಡು, ಅಡಿಕೆ ಸಿಪ್ಪೆಯ ನಾರು ಸೇರಿ ಅಂಟಾಗಿರುತ್ತದೆ. ಬಾಯಲ್ಲಿ ಊದಿದರೆ ಒಳಗಿನ ಸರ್ಕ್ಯೂಟ್ ಬೋರ್ಡಿಗೆ ಎಂಜಲು ಸಿಡಿಯುತ್ತದೆ ಅಷ್ಟೆ. ಜೂನ್‌ನಲ್ಲಿ ಇದೇ ದೂಳು ಥಂಡಿ ಹೀರಿಕೊಂಡು ಬೋರ್ಡಿಗೆ ತುಕ್ಕು ಹಿಡಿಸುತ್ತದೆ, ಶಾರ್ಟ್‌ಗೂ ದಾರಿ ಮಾಡುತ್ತದೆ. ಹಾಗಾಗಿ ಮಳೆ ಹಿಡಿಯುವ ಮೊದಲು, ಬಿಸಿಲಿರುವ ದಿನ ಈ ಕೆಲಸ ಮಾಡಿ.

ಸ್ವಿಚ್ ಆರಿಸಿದರೆ ಸಾಲದು. ಪ್ಲಗ್ಗನ್ನೇ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಬೇಕು. ಡಬ್ಬವನ್ನು ಜಗಲಿಗೆ ಒಯ್ದು, ಬಣ್ಣ ಬಳಿಯದ ಲೋಹದ ಭಾಗ ಮುಟ್ಟಿಕೊಂಡು ಕೆಲಸ ಶುರುಮಾಡಿ. ಚಿಪ್ ಕೆಡಿಸಬಲ್ಲ ಮೈಮೇಲಿನ ಸ್ಟ್ಯಾಟಿಕ್ (ಸ್ಥಿರ ವಿದ್ಯುತ್) ಇಳಿಯುತ್ತದೆ. ಒಂದಿಂಚಿನ ಹೊಸ ಪೇಂಟ್ ಬ್ರಷ್‌ನಿಂದ ಸಡಿಲಿಸಿ, ಬ್ಲೋವರ್‌ನಿಂದ ಒಂದಡಿ ದೂರದಲ್ಲಿ ಹಿಡಿದು ಊದಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ತಡೆದಿರಿ. ಬುಗುರಿಯಂತೆ ತಿರುಗಲು ಬಿಟ್ಟರೆ ಬೇರಿಂಗ್ ಹೋಗುತ್ತದೆ, ತಿರುಗುವ ಮೋಟಾರು ಬೋರ್ಡಿಗೇ ಕರೆಂಟು ತಳ್ಳಲೂಬಹುದು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಮಾತ್ರ ಬೇಡ. ಅದರ ಗಾಳಿಯಲ್ಲಿ ನೀರು, ಆಯಿಲ್ ಎರಡೂ ಬರುತ್ತವೆ. ಪೈಪಿನ ತುದಿಯನ್ನು ಬಿಳಿ ಕಾಗದಕ್ಕೆ ಹಿಡಿದು ನೋಡಿದರೆ ಎಷ್ಟೋ ಸಲ ಹನಿಗಳ ಕಲೆ ಕಣ್ಣಿಗೇ ಕಾಣುತ್ತದೆ. ವ್ಯಾಕ್ಯೂಮ್ ಕ್ಲೀನರ್ ಮೂತಿಯಲ್ಲಿ ಸ್ಟ್ಯಾಟಿಕ್ ಹುಟ್ಟುತ್ತದೆ, ಅದೂ ಒಳಗೆ ಬೇಡ.

ರೆಕ್ಕೆಗೆ ಅಂಟಿದ ಜಿಡ್ಡನ್ನು 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಲ್ಲಿ ಒರೆಸಿ. ಸ್ಯಾನಿಟೈಸರ್‌ನಲ್ಲಿ ಸಾಮಾನ್ಯವಾಗಿ ನೀರೂ ಗ್ಲಿಸರಿನ್ನೂ ಇರುತ್ತವೆ, ಅದು ಬೇಡ. ಥಿನ್ನರ್ ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ. ಹೀಟ್‌ಸಿಂಕ್ ಬಿಚ್ಚಿದರೆ ಪ್ರೊಸೆಸರಿನ ಕಾವನ್ನು ಅದಕ್ಕೆ ದಾಟಿಸುವ ಹಳೆಯ ಪೇಸ್ಟ್ ಒರೆಸಿ, ಬಟಾಣಿ ಕಾಳಿಗಿಂತ ತುಸು ಚಿಕ್ಕದಾಗಿ ಹೊಸ ಥರ್ಮಲ್ ಪೇಸ್ಟ್ ಹಾಕಲೇಬೇಕು. ಪೇಸ್ಟ್ ಕೈಯಲ್ಲಿಲ್ಲದಿದ್ದರೆ ಬಿಚ್ಚಲು ಹೋಗಬೇಡಿ.

ಒಳಗೆ ಕರೆಂಟು ಹಂಚುವ ಪವರ್ ಸಪ್ಲೈ ಡಬ್ಬವನ್ನಂತೂ ತೆರೆಯಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗೆ ಕರೆಂಟು ಹಿಡಿದಿಡುವ ಕೆಪಾಸಿಟರ್‌ನಲ್ಲಿ 300 ವೋಲ್ಟ್ ಉಳಿದಿರಬಹುದು. ಜಾಲರಿಯಿಂದಲೇ ಊದಿದರೆ ಸಾಕು.

ಹಲ್ಲಿ, ಇರುವೆ ಸೇರುವುದು ಹೆಚ್ಚಾಗಿ ಹಿಂಬದಿಯ ಖಾಲಿ ಸ್ಲಾಟ್‌ಗಳಿಂದ; ಅವಕ್ಕೆ ತಗಡಿನ ಪಟ್ಟಿ ಹಾಕಿಸಿ. ಇರುವೆ ಸ್ಪ್ರೇಯನ್ನು ಒಳಗೆ ಹೊಡೆದರೆ ಅದರ ಎಣ್ಣೆಗೆ ಮತ್ತೆ ದೂಳು ಹಿಡಿಯುತ್ತದೆ. ಮುಚ್ಚಳ ಹಾಕುವ ಮುನ್ನ ಯಾವ ವೈರೂ ಫ್ಯಾನಿಗೆ ತಾಗದಂತೆ ಸರಿಸಿಡಿ.

– ಕಂಪ್ಯೂಟರ್ ರಿಪೇರಿಯವರು, ತೀರ್ಥಹಳ್ಳಿ